ಒಂದೇ ರೆವಿಟ್ ಮಾಡೆಲ್, ಐದು ದಾರಿ: ಕಟ್ಟಡದ ಕರೆಂಟ್ ಉಳಿಸಲು ಬಿಮ್ ಎಷ್ಟು ಕೆಲಸಕ್ಕೆ ಬಂತು?

ಬಿಮ್ ಅಂದರೆ ಕಟ್ಟಡವನ್ನು ಗೋಡೆ, ಕಿಟಕಿ, ಅಳತೆ, ಸಾಮಗ್ರಿ ಸಮೇತ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವ ಪದ್ಧತಿ, ರೆವಿಟ್ ಅದಕ್ಕೆ ಬಳಸುವ ಸಾಫ್ಟ್‌ವೇರ್. ಬಿಮ್ ಮಾರಲು ಬರುವವರ ಪ್ರೆಸೆಂಟೇಶನ್‌ನಲ್ಲಿ ಒಂದು ಸ್ಲೈಡ್ ತಪ್ಪದೆ ಇರುತ್ತದೆ. ಎಡಗಡೆ ಕಟ್ಟಡದ ಮಾಡೆಲ್, ಬಲಗಡೆ ಬಣ್ಣಬಣ್ಣದ ಗ್ರಾಫ್, ನಡುವೆ ಒಂದು ಬಾಣ. ಮಾಡೆಲ್ ಇದ್ದರೆ ಸಾಕು, ಕಟ್ಟಡ ವರ್ಷಕ್ಕೆ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಒಂದೇ ಬಟನ್‌ನಲ್ಲಿ ಗೊತ್ತಾಗುತ್ತದಂತೆ. ಆ ಬಾಣದೊಳಗೆ ಏನೇನು ನಡೆಯುತ್ತದೆ ಅಂತ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಆಫೀಸು ಮಾಡುತ್ತಿದ್ದ ಒಂದು ಕಟ್ಟಡ ಇದಕ್ಕೆ ಸಿಕ್ಕಿತು. ಕೆಳಗೆ ಆಫೀಸು, ಮೇಲೆ ಫ್ಲಾಟುಗಳು. ಈ ಊರಲ್ಲಿ ಬೀದಿ ಬೀದಿಗೂ ಕಾಣುವಂಥದ್ದೇ. ರಸ್ತೆ ಪಶ್ಚಿಮಕ್ಕಿದೆ, ಹಾಗಾಗಿ ಉದ್ದನೆಯ ಮುಖವೂ ಪಶ್ಚಿಮಕ್ಕೆ. ರೆವಿಟ್‌ನಲ್ಲಿ ಮಾಡೆಲ್ ಪೂರ್ತಿ ತಯಾರಿತ್ತು, ಟಾಯ್ಲೆಟ್ಟಿನ ನಲ್ಲಿಯವರೆಗೂ. ಅದನ್ನು ಐದು ದಾರಿಯಲ್ಲಿ ಓಡಿಸಿದೆ: ರೆವಿಟ್ ಒಳಗಿನದೇ ಸೌಲಭ್ಯ, ಎನರ್ಜಿ ಲೆಕ್ಕಕ್ಕೆಂದೇ ಇರುವ ಡಿಸೈನ್‌ಬಿಲ್ಡರ್ ಮತ್ತು ಐಇಎಸ್ ವಿಇ, ರೈನೋ ಎಂಬ ತ್ರೀಡಿ ಸಾಫ್ಟ್‌ವೇರ್ ಜೊತೆಗಿನ ಹನಿಬೀ, ಕೊನೆಗೆ ಬರೀ ಎಕ್ಸೆಲ್.

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಅನುಕೂಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೊನೆಯ ಎರಡು. ಬಿಮ್ ಕೊಡುವ ತ್ರೀಡಿ ಆಕಾರಕ್ಕಿಂತ ಅದು ಕೊಡುವ ಅಳತೆಯ ಪಟ್ಟಿಯೇ ನಮ್ಮಂಥ ಕಟ್ಟಡಗಳಿಗೆ ಜಾಸ್ತಿ ಕೆಲಸ ಮಾಡಿತು.

ಎಂಜಿನ್ ಒಂದೇ, ಉತ್ತರ ಬೇರೆ ಬೇರೆ

ಹೋಲಿಕೆಗೆ ಮುಂಚೆ ಒಂದು ವಿಷಯ ಗೊತ್ತಿರಬೇಕು. ಈ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯಲ್ಲಿ ಇರುವುದು ಲೆಕ್ಕ ಮಾಡುವ ಒಂದೇ ಎಂಜಿನ್, ಎನರ್ಜಿಪ್ಲಸ್. ಅಮೆರಿಕದ ಇಂಧನ ಇಲಾಖೆ ಬ್ಲಾಸ್ಟ್ ಮತ್ತು ಡಿಒಇ-2 ಎಂಬ ಎರಡು ಹಳೆಯ ಪ್ರೋಗ್ರಾಮುಗಳ ಅನುಭವ ಸೇರಿಸಿ ಅದನ್ನು ಬರೆಸಿತು, 2001ರಲ್ಲಿ ಬಿಡುಗಡೆ ಮಾಡಿತು. ಈಗಲೂ ಉಚಿತ. ಡಿಸೈನ್‌ಬಿಲ್ಡರ್ ಅದನ್ನೇ ಕರೆಯುತ್ತದೆ, ಹನಿಬೀ ಕೂಡ ಅದನ್ನೇ. ರೆವಿಟ್‌ನ ಸಿಸ್ಟಮ್ಸ್ ಅನಾಲಿಸಿಸ್ ಕೂಡ ಅದರ ಮೇಲೆಯೇ ನಿಂತಿದೆ. ಐಇಎಸ್ ಮಾತ್ರ ಅಪಾಚೆ ಅನ್ನುವ ತನ್ನದೇ ಎಂಜಿನ್ ಇಟ್ಟುಕೊಂಡಿದೆ.

ಹಾಗಿದ್ದರೂ ಒಂದೇ ಕಟ್ಟಡಕ್ಕೆ ಒಂದೊಂದು ದಾರಿಯಲ್ಲಿ ಒಂದೊಂದು ಉತ್ತರ. ಅಕ್ಕಿ ಒಂದೇ ಆದರೂ ನೀರಿನ ಅಳತೆ ಬದಲಾದರೆ ಅನ್ನ ಬೇರೆಯಾಗುತ್ತದಲ್ಲ, ಹಾಗೆ. ಜನ ಎಷ್ಟು ಹೊತ್ತಿಗೆ ಬರುತ್ತಾರೆ, ಎಸಿ ಎಷ್ಟು ಡಿಗ್ರಿಗೆ ಇದೆ, ಕಿಟಕಿಯ ಸಂದಿಯಿಂದ ಎಷ್ಟು ಗಾಳಿ ನುಸುಳುತ್ತದೆ, ಗೋಡೆ ಯಾವುದರದು: ನಾವು ಹೇಳದಿದ್ದರೆ ಇದನ್ನೆಲ್ಲ ಸಾಫ್ಟ್‌ವೇರೇ ತುಂಬಿಕೊಳ್ಳುತ್ತದೆ. ಅದು ತುಂಬಿಕೊಳ್ಳುವುದು ಬೆಂಗಳೂರನ್ನು ನೋಡಿ ಅಲ್ಲ.

ಹಾಗಾಗಿ ನಾನು ವರ್ಷದ ಒಟ್ಟು ಯೂನಿಟ್ ಎಷ್ಟು ಅನ್ನುವ ಅಂಕಿಯನ್ನು ಎಲ್ಲೂ ಹಿಡಿದುಕೊಳ್ಳಲಿಲ್ಲ. ಸಜ್ಜಾ ಹಾಕಿದರೆ ಎಷ್ಟು ಇಳಿಯಿತು, ಬ್ಲಾಕ್ ಬದಲಿಸಿದರೆ ಎಷ್ಟು ಇಳಿಯಿತು ಅನ್ನುವ ವ್ಯತ್ಯಾಸವನ್ನಷ್ಟೇ ನೋಡಿದೆ. ನಿಜವಾದ ಅಂಕಿ ಮೀಟರಿನಲ್ಲಿ ಮಾತ್ರ ಸಿಗುತ್ತದೆ. ಇನ್ಫೋಸಿಸ್‌ನವರು ಹೈದರಾಬಾದಿನ ಪೋಚಾರಂ ಕ್ಯಾಂಪಸ್‌ನಲ್ಲಿ ಒಂದು ಕಟ್ಟಡವನ್ನು ಎರಡು ಸಮನಾದ ಭಾಗ ಮಾಡಿ ಕಟ್ಟಿದರು. ಒಂದರಲ್ಲಿ ಮಾಮೂಲಿ ಗಾಳಿ ಬೀಸುವ ಎಸಿ, ಇನ್ನೊಂದರಲ್ಲಿ ಸ್ಲ್ಯಾಬ್ ಒಳಗೆ ತಣ್ಣೀರು ಹರಿಸುವ ರೇಡಿಯಂಟ್ ವ್ಯವಸ್ಥೆ. ಎರಡಕ್ಕೂ ಬೇರೆ ಬೇರೆ ಮೀಟರ್. ರೇಡಿಯಂಟ್ ಭಾಗ ತಂಪು ಮಾಡಲು ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಕಡಿಮೆ ಕರೆಂಟ್ ತೊಗೊಂಡಿತು. ಹೋಲಿಕೆ ಅಂದರೆ ಅದು! ನಮ್ಮಂಥವರಿಗೆ ಅಷ್ಟು ದೊಡ್ಡ ಪ್ರಯೋಗಶಾಲೆ ಎಲ್ಲಿಂದ ಬರಬೇಕು.

ರೆವಿಟ್ ಒಳಗೇ: ಬಟನ್ ಇದೆ, ನಿಜ

ಮೊದಲ ದಾರಿ ಅತಿ ಸುಲಭ. ಬೇರೆ ಏನೂ ಕೊಳ್ಳಬೇಕಿಲ್ಲ, ಎಲ್ಲಿಗೂ ಎಕ್ಸ್‌ಪೋರ್ಟ್ ಮಾಡಬೇಕಿಲ್ಲ. ಅನಲೈಸ್ ಟ್ಯಾಬ್‌ಗೆ ಹೋಗಿ ಎನರ್ಜಿ ಮಾಡೆಲ್ ಮಾಡು ಅಂದರೆ ಮಾಡಿಕೊಡುತ್ತದೆ. ಅದನ್ನು ಇನ್‌ಸೈಟ್ ಎಂಬ ಆನ್‌ಲೈನ್ ಸೇವೆಗೆ ಕಳಿಸಿದರೆ ಚಂದದ ಡ್ಯಾಶ್‌ಬೋರ್ಡ್ ಬರುತ್ತದೆ. ಗಾಜು ಬದಲಿಸಿದರೆ ಹೇಗೆ, ಕಟ್ಟಡ ತಿರುಗಿಸಿದರೆ ಹೇಗೆ ಅಂತ ಎಳೆದು ನೋಡಬಹುದು. ಮಾಲೀಕರ ಮುಂದೆ ಕೂತು ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಬಟನ್ ಒತ್ತುವ ಮುಂಚೆ ಎರಡು ಕಡೆ ಕಣ್ಣಿಡಬೇಕು. ಒಂದು, ಜಾಗ. ಹೊಸ ಪ್ರಾಜೆಕ್ಟ್ ತೆರೆದಾಗ ರೆವಿಟ್‌ನ ಲೊಕೇಶನ್ ಅಮೆರಿಕದ ಬಾಸ್ಟನ್‌ನಲ್ಲಿ ಇರುತ್ತದೆ. ನಕ್ಷೆ ಬಿಡಿಸುವವರು ಯಾರೂ ಅದನ್ನು ಮುಟ್ಟುವುದಿಲ್ಲ, ಮುಟ್ಟುವ ಕಾರಣವೂ ಇಲ್ಲ. ಹಾಗೇ ಓಡಿಸಿದರೆ ಹಿಮ ಬೀಳುವ ಊರಿನ ಲೆಕ್ಕ ಬರುತ್ತದೆ, ಹೀಟರ್ ಬಿಲ್ ಸಮೇತ. ಎರಡು, ಗೋಡೆ. ಎನರ್ಜಿ ಸೆಟ್ಟಿಂಗ್ಸ್‌ನಲ್ಲಿ ಡೀಟೇಲ್ಡ್ ಎಲಿಮೆಂಟ್ಸ್ ಅನ್ನುವ ಆಯ್ಕೆ ಆನ್ ಮಾಡದಿದ್ದರೆ ನೀವು ಬರೆದ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್), ಸಿಮೆಂಟ್ ಪ್ಲಾಸ್ಟರ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ, ಸಿದ್ಧ ಪಟ್ಟಿಯ ಗೋಡೆ ಬರುತ್ತದೆ. ಆನ್ ಮಾಡಿದರೂ, ಮಟೀರಿಯಲ್‌ಗೆ ಥರ್ಮಲ್ ಗುಣ ಅಂಟಿಸಿರಬೇಕು. ನಮ್ಮ ಆಫೀಸುಗಳಲ್ಲಿ ಮಟೀರಿಯಲ್ ಅಂದರೆ ರೆಂಡರ್‌ನಲ್ಲಿ ಚೆನ್ನಾಗಿ ಕಾಣಬೇಕು, ಅಷ್ಟೇ ಅಲ್ವಾ?

ಫ್ಲಾಟುಗಳ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು. ಸಿದ್ಧ ಟೆಂಪ್ಲೇಟ್‌ಗಳು ಮನೆ ಪೂರ್ತಿ ತಂಪಾಗಿರುತ್ತದೆ ಅಂದುಕೊಳ್ಳುತ್ತವೆ. ಬೆಂಗಳೂರಿನ ಫ್ಲಾಟಿನಲ್ಲಿ ಎಸಿ ಇದ್ದರೆ ಒಂದು ಬೆಡ್‌ರೂಮಿನಲ್ಲಿ, ಅದೂ ಮಾರ್ಚ್‌ನಿಂದ ಮೇವರೆಗೆ, ರಾತ್ರಿ ಕೆಲವು ಗಂಟೆ. ಉಳಿದಂತೆ ಫ್ಯಾನು. ಎಸಿಯೇ ಇಲ್ಲದ ಕೋಣೆಯಲ್ಲಿ ಎಷ್ಟು ಎಸಿ ಕರೆಂಟ್ ಉಳಿಯಿತು ಅಂತ ಹೇಳುವ ಗ್ರಾಫ್ ನೋಡಿ ಏನು ಮಾಡುವುದು.

ಇಷ್ಟಾದರೂ ಒಂದು ಲಾಭ ಒಪ್ಪಬೇಕು. ರೆವಿಟ್ ಮಾಡಿಕೊಡುವ ಎನರ್ಜಿ ಮಾಡೆಲ್‌ನ ತ್ರೀಡಿ ನೋಟ ತೆರೆದರೆ ನಿಮ್ಮ ಮಾಡೆಲ್‌ನ ಹುಳುಕು ಅಲ್ಲೇ ಕಾಣುತ್ತದೆ. ಎಲ್ಲಿ ಗೋಡೆ ಸ್ಲ್ಯಾಬ್‌ಗೆ ಮುಟ್ಟಿಲ್ಲ, ಎಲ್ಲಿ ಕೋಣೆಗೆ ಮೇಲ್ಛಾವಣಿಯೇ ಸಿಕ್ಕಿಲ್ಲ, ಎಲ್ಲಾ ಬಯಲಾಗುತ್ತದೆ. ಮುಂದಿನ ದಾರಿಗಳಿಗೆ ಹೋಗುವ ಮುಂಚೆ ಈ ಪರೀಕ್ಷೆ ಮಾಡಿಕೊಂಡರೆ ಒಳ್ಳೆಯದು.

ಡಿಸೈನ್‌ಬಿಲ್ಡರ್: ದಾಟಿಸುವುದೇ ಕೆಲಸ

ರೆವಿಟ್‌ನಿಂದ ಡಿಸೈನ್‌ಬಿಲ್ಡರ್‌ಗೆ ಮಾಡೆಲ್ ಹೋಗುವುದು ಜಿಬಿಎಕ್ಸ್‌ಎಂಎಲ್ ಅನ್ನುವ ಫೈಲಿನಲ್ಲಿ. ಗ್ರೀನ್ ಬಿಲ್ಡಿಂಗ್ ಸ್ಟುಡಿಯೋ ಎಂಬ ಅಮೆರಿಕದ ಕಂಪನಿ ಹುಟ್ಟುಹಾಕಿದ ಮಾದರಿ ಅದು. ಆ ಕಂಪನಿಯನ್ನು 2008ರಲ್ಲಿ ರೆವಿಟ್ ತಯಾರಿಸುವ ಆಟೋಡೆಸ್ಕ್ ಕೊಂಡುಕೊಂಡಿತು. ಆಕಾರ, ಕೋಣೆ, ಕಿಟಕಿ, ಗೋಡೆಯ ಪದರಗಳನ್ನು ಬರೀ ಅಕ್ಷರಗಳಲ್ಲಿ ಬರೆದಿಡುವ ಫೈಲು. ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬಾಣದ ಒಳಗಿನ ಕಷ್ಟವೆಲ್ಲ ಇರುವುದು ಇಲ್ಲೇ.

ವಾಸ್ತುಶಿಲ್ಪದ ಮಾಡೆಲ್‌ಗೆ ಬೇಕಾದದ್ದೇ ಬೇರೆ, ಎನರ್ಜಿ ಮಾಡೆಲ್‌ಗೆ ಬೇಕಾದದ್ದೇ ಬೇರೆ. ಮೊದಲನೆಯದರಲ್ಲಿ ಗೋಡೆಗೆ ದಪ್ಪ ಇದೆ, ಕಂಬ ಇದೆ, ಬಾಗಿಲಿಗೆ ಚೌಕಟ್ಟಿದೆ. ಎರಡನೆಯದಕ್ಕೆ ದಪ್ಪವಿಲ್ಲದ ಹಾಳೆಗಳಿಂದ ಮುಚ್ಚಿದ ಡಬ್ಬಿಗಳು ಸಾಕು. ಒಂದರಿಂದ ಇನ್ನೊಂದನ್ನು ಮಾಡುವಾಗ ರೆವಿಟ್ ಎರಡು ಅಳತೆ ಇಟ್ಟುಕೊಳ್ಳುತ್ತದೆ. ಕೋಣೆ ಗುರುತಿಸಲು ಸುಮಾರು 457 ಮಿಲಿಮೀಟರ್, ಮೇಲ್ಮೈ ಗುರುತಿಸಲು ಸುಮಾರು 305. ಅಡಿ ಲೆಕ್ಕದಲ್ಲಿ ಒಂದೂವರೆ ಮತ್ತು ಒಂದು. ಅದಕ್ಕಿಂತ ಸಣ್ಣದು ಮಾಯ. ಪ್ಲಂಬಿಂಗ್ ಡಕ್ಟ್ ಹೋದರೆ ಹೋಗಲಿ. ಆದರೆ ಗೋಡೆ ಮತ್ತು ಕಿಟಕಿಯ ನಡುವಿನ ಸಣ್ಣ ತಿರುವುಗಳೂ ಹೋಗುತ್ತವೆ, ಇಲ್ಲವೇ ಚೂರುಚೂರಾದ ಮೇಲ್ಮೈಗಳಾಗಿ ಬರುತ್ತವೆ. ಈ ಅಳತೆ ಚಿಕ್ಕದು ಮಾಡಿದರೆ ನಿಖರತೆ ಹೆಚ್ಚುತ್ತದೆ, ಚೂರುಗಳೂ ಹೆಚ್ಚುತ್ತವೆ.

ಅತಿ ಮುಖ್ಯವಾದದ್ದು ಸಜ್ಜಾ. ನಮ್ಮ ಮಾಡೆಲ್‌ನಲ್ಲಿ ಕೆಲವು ಸಜ್ಜಾಗಳನ್ನು ಫ್ಲೋರ್ ಟೂಲಿನಿಂದ ಬರೆದಿದ್ದರು, ಕೆಲವನ್ನು ಜೆನೆರಿಕ್ ಮಾಡೆಲ್ ಆಗಿ. ನೋಡಲು ಎರಡೂ ಒಂದೇ. ದಾಟಿದ ಮೇಲೆ ಫ್ಲೋರ್ ಆಗಿದ್ದವು ನೆರಳಿನ ಹಾಳೆಗಳಾಗಿ ಬಂದವು, ಜೆನೆರಿಕ್ ಆಗಿದ್ದವು ಬರಲಿಲ್ಲ. ಪಶ್ಚಿಮದ ಅರ್ಧ ಕಿಟಕಿಗಳು ಬಿಸಿಲಿಗೆ ಬೋಳಾಗಿ ನಿಂತವು. ಜಾಲಿಯದ್ದೂ ಇದೇ ಕಥೆ. ನಕ್ಷೆ ಬರೆಯುವ ಹುಡುಗರಿಗೆ ಇದು ಗೊತ್ತಿರುವ ಕಾರಣವಿಲ್ಲ. ಅವರಿಗೆ ಪ್ರಿಂಟಿನಲ್ಲಿ ಗೆರೆ ಸರಿ ಬಂದರೆ ಸರಿ.

ಕೊನೆಗೆ ನಾನು ಮಾಡಿದ್ದು: ಮಾಡೆಲ್‌ನ ಪ್ರತಿ ತೆಗೆದು, ಪೀಠೋಪಕರಣ, ಕಂಬ, ಫಾಲ್ಸ್ ಸೀಲಿಂಗ್ ಎಲ್ಲಾ ಕಿತ್ತುಹಾಕಿ, ಫ್ಲಾಟಿಗೆ ಮೂರು ನಾಲ್ಕು ಕೋಣೆಯಷ್ಟೇ ಉಳಿಸಿ, ಆಮೇಲೆ ದಾಟಿಸಿದೆ. ಆಗ ಸಲೀಸಾಗಿ ಬಂತು. ಆದರೆ ಅಷ್ಟು ಹೊತ್ತಿಗೆ ಡಿಸೈನ್‌ಬಿಲ್ಡರ್ ಒಳಗೇ ನೇರವಾಗಿ ಡಬ್ಬಿಗಳನ್ನು ಎಳೆದು ಕಟ್ಟಬಹುದಿತ್ತು. ಮರದ ಕೆಲಸದವರು ಹೇಳುವ ಹಾಗೆ, ಹಳೇ ಬಾಗಿಲು ಕೆರೆದು ಪಾಲಿಶ್ ಮಾಡುವುದಕ್ಕಿಂತ ಹೊಸದು ಮಾಡುವುದೇ ಬೇಗ.

ಒಮ್ಮೆ ಒಳಗೆ ಬಂದಮೇಲೆ ಮಾತ್ರ ಡಿಸೈನ್‌ಬಿಲ್ಡರ್ ಬಹಳ ಆರಾಮ. ಜನರ ಬಂದುಹೋಗುವ ವೇಳೆ, ಎಸಿ, ದೀಪ, ಕಿಟಕಿ ತೆರೆಯುವ ಹೊತ್ತು ಎಲ್ಲವನ್ನೂ ಕಟ್ಟಡಕ್ಕೆ ಒಮ್ಮೆ ಕೊಟ್ಟು, ಬೇಕಾದ ಕೋಣೆಯಲ್ಲಿ ಮಾತ್ರ ಬದಲಿಸಬಹುದು. ಕಿಟಕಿ ತೆರೆದರೆ ಗಾಳಿ ಹೇಗೆ ಓಡಾಡುತ್ತದೆ ಅನ್ನುವುದನ್ನೂ ಲೆಕ್ಕ ಹಾಕುತ್ತದೆ. ಕೆಳಗಿನ ಆಫೀಸಿಗೆ ಇದು ನಿಜವಾಗಿ ಕೆಲಸಕ್ಕೆ ಬಂತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಆಫೀಸುಗಳಲ್ಲಿ ಜನರನ್ನೇ ಕೇಳಿ ಐಮ್ಯಾಕ್ ಎಂಬ ಮಾದರಿ ಮಾಡಿದ್ದಾರೆ. ಕಿಟಕಿ ತೆರೆದಿಡುವ ಆಫೀಸಿನಲ್ಲಿ ಹಿತವಾದ ತಾಪಮಾನ ಅಂದರೆ ಕಳೆದ 30 ದಿನದ ಹೊರಗಿನ ಸರಾಸರಿಯನ್ನು 0.54ರಿಂದ ಗುಣಿಸಿ 12.83 ಕೂಡಿಸಿದಷ್ಟು. ಹೊರಗೆ ಸರಾಸರಿ 27 ಡಿಗ್ರಿ ಇದ್ದರೆ ಒಳಗೆ 27.4 ಹಿತ, ಅದರ ಮೇಲೆ ಇನ್ನೆರಡು ಡಿಗ್ರಿಯನ್ನೂ ಹೆಚ್ಚಿನವರು ಸಹಿಸುತ್ತಾರೆ. ಎಸಿಗೆ 24 ಅಂತ ಬರೆದು ಲೆಕ್ಕ ಮಾಡುವುದಕ್ಕೂ ಇದಕ್ಕೂ ಬಹಳ ಅಂತರ. ಈ ಅಳತೆ ಇಟ್ಟುಕೊಂಡು ನೋಡಿದರೆ ವರ್ಷದ ಬಹುಪಾಲು ಆಫೀಸಿಗೆ ಎಸಿಯೇ ಬೇಡ.

ಕಾಗದದ ಮೇಲೆ ಬೇಡ ಅಂತ ಹೇಳಬೇಕು. ಸೊಳ್ಳೆ, ದೂಳು, ಹಾರ್ನು, ವಾಸನೆ ಯಾವ ಎಂಜಿನ್‌ಗೂ ತಿಳಿಯುವುದಿಲ್ಲ. ದೊಮ್ಮಲೂರಿನಲ್ಲಿ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡ ನೋಡಿದ್ದೀರಾ? ಗಾಳಿ ಬರುವುದು ದಕ್ಷಿಣದಿಂದ, ಆ ಕಡೆಯೇ ಗಬ್ಬು ನಾರುವ ಚರಂಡಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ದಕ್ಷಿಣಕ್ಕೆ ಕಡಪ ಕಲ್ಲಿನ ಗೋಡೆ ಕಟ್ಟಿ ಬೆನ್ನು ಮಾಡಿದರು. ಗೋಡೆಯ ನಡುವಿನ ಸಂದಿನಲ್ಲಿ ಬಿಸಿಯಾದ ಗಾಳಿ ಮೇಲಕ್ಕೆ ಹೋಗುತ್ತದೆ, ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ಒಳಗೆ ಬರುತ್ತದೆ. ಸೈಟಿಗೆ ಹೋಗಿ ಮೂಗು ಮುಚ್ಚಿಕೊಂಡವರಿಗೆ ಮಾತ್ರ ಹೊಳೆಯುವ ಡಿಸೈನ್ ಅದು.

ಐಇಎಸ್: ನಮಗಲ್ಲ

ಗ್ಲಾಸ್ಗೋದ ಐಇಎಸ್ 1994ರಿಂದ ಇದೇ ಕೆಲಸದಲ್ಲಿದೆ. ಟ್ರಯಲ್ ಲೈಸೆನ್ಸ್‌ನಲ್ಲಿ ನೋಡಿದೆ. ಕೇಂದ್ರೀಯ ಎಸಿ, ಚಿಲ್ಲರ್, ಕೂಲಿಂಗ್ ಟವರ್ ಇರುವ ದೊಡ್ಡ ಟೆಕ್ ಪಾರ್ಕಿಗೆ, ಲೀಡ್ ಎಂಬ ಹಸಿರು ಕಟ್ಟಡದ ಸರ್ಟಿಫಿಕೇಟ್ ಬೇಕಾದವರಿಗೆ ಇದು ಸರಿಯಾದ ಜಾಗ. ಎಸಿ ವ್ಯವಸ್ಥೆಯನ್ನು ಪೈಪು ಪೈಪಾಗಿ ಜೋಡಿಸಬಹುದು. ಬೇರೆ ಕಡೆಯಿಂದ ಬಂದ ಮಾಡೆಲ್‌ನ ತೂತುಗಳನ್ನು ಹುಡುಕಿ ತೋರಿಸುವುದರಲ್ಲೂ ಚುರುಕು. ಆದರೆ ಒಂದೊಂದು ಸೌಲಭ್ಯವೂ ಒಂದೊಂದು ಮಾಡ್ಯೂಲು, ವರ್ಷ ವರ್ಷ ಕಟ್ಟುವ ಲೈಸೆನ್ಸ್. ನಾಲ್ಕು ಜನರ ಆಫೀಸು, ಸ್ಪ್ಲಿಟ್ ಎಸಿಯ ಕಟ್ಟಡ: ಇದಕ್ಕೆ ಐಇಎಸ್ ತರುವುದು ಜಾಸ್ತಿಯೇ ಆಯಿತು. ಇದರ ಬಗ್ಗೆ ಇನ್ನು ಹೇಳುವುದು ಏನೂ ಇಲ್ಲ.

ಹನಿಬೀ: ತೆಳ್ಳನೆಯ ಮಾಡೆಲ್, ದಪ್ಪ ಉತ್ತರ

ಲೇಡಿಬಗ್ ಮತ್ತು ಹನಿಬೀ ಅಣ್ಣತಮ್ಮಂದಿರಿದ್ದಂತೆ. ಮೊಸ್ತಫಾ ರೌದ್ಸರಿ ಶುರು ಮಾಡಿ, ಕ್ರಿಸ್ ಮ್ಯಾಕಿ ಕೈಜೋಡಿಸಿದ ಉಚಿತ ಪ್ಲಗಿನ್‌ಗಳು. ರೈನೋದ ಗ್ರಾಸ್‌ಹಾಪರ್ ಒಳಗೆ ಕೆಲಸ ಮಾಡುತ್ತವೆ. ರೈನೋಗೆ ದುಡ್ಡು ಕೊಡಬೇಕು, ಆದರೆ ಒಂದು ಸಲ ಕೊಟ್ಟರೆ ಆಯಿತು. ಕಲಿಯುವುದು ಮಾತ್ರ ಸುಲಭವಲ್ಲ. ಪರದೆ ತುಂಬ ಡಬ್ಬಿಗಳು, ಅವುಗಳ ನಡುವೆ ತಂತಿಗಳು. ಒಂದು ತಂತಿ ತಪ್ಪಿದರೆ ಎಲ್ಲಾ ಕೆಂಪು.

ಇಲ್ಲಿ ನಾನು ರೆವಿಟ್ ಮಾಡೆಲ್ ತರುವ ಗೋಜಿಗೇ ಹೋಗಲಿಲ್ಲ. ತರಬೇಕು ಅನ್ನುವವರಿಗೆ ಪಾಲಿನೇಶನ್‌ನವರ ರೆವಿಟ್ ಪ್ಲಗಿನ್ ಇದೆ, ಕೋಣೆಗಳನ್ನು ಸ್ವಚ್ಛ ಮಾಡಿ ಕಳಿಸುತ್ತದೆ. ನಾನು ಒಂದು ಫ್ಲಾಟ್ ಮಾತ್ರ ತೊಗೊಂಡು, ಅಳತೆ ರೆವಿಟ್‌ನಿಂದ ನೋಡಿಕೊಂಡು, ಹೊಸದಾಗಿ ಡಬ್ಬಿ ಕಟ್ಟಿದೆ. ಕಿಟಕಿಯ ಅಗಲ, ಸಜ್ಜಾದ ಆಳ, ಗಾಜಿನ ಗುಣ, ಗೋಡೆ: ಒಂದೊಂದಕ್ಕೂ ಒಂದು ಸ್ಲೈಡರ್. ಹವಾಮಾನದ ಫೈಲು ಕ್ಲೈಮೇಟ್ ಡಾಟ್ ಒನ್‌ಬಿಲ್ಡಿಂಗ್ ತಾಣದಿಂದ. ಇತ್ತೀಚಿನ ವರ್ಷಗಳನ್ನು ಸೇರಿಸಿ ಮಾಡಿದ ಫೈಲುಗಳು ಅಲ್ಲಿ ಸಿಗುತ್ತವೆ, ಬೆಂಗಳೂರಿನ ವಿಷಯದಲ್ಲಿ ಇದು ಮುಖ್ಯ. ಹಳೆಯ ಫೈಲಿನ ಊರು ಈಗಿನ ಊರಿಗಿಂತ ತಂಪು.

ಸ್ಲೈಡರ್ ಎಳೆಯುತ್ತಾ ಹೋದಂತೆ ನಮ್ಮೂರಿನ ಸೂರ್ಯ ಅರ್ಥವಾಗುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. 600 ಮಿಲಿಮೀಟರ್ ಸಜ್ಜಾ ದಕ್ಷಿಣದ ಕಿಟಕಿಗೆ ಆಗ ಸುಮಾರು 800 ಮಿಲಿಮೀಟರ್ ನೆರಳು ಕೊಡುತ್ತದೆ. ಸಾಕಷ್ಟಾಯಿತು. ಅದೇ ಸಜ್ಜಾ ಪಶ್ಚಿಮಕ್ಕೆ ಹಾಕಿ, ಮಾರ್ಚ್ 21ರ ಸಂಜೆ ಸುಮಾರು ನಾಲ್ಕೂವರೆಗೆ ನೋಡಿ: ನೆರಳು ಬರೀ 340 ಮಿಲಿಮೀಟರ್‌ನಷ್ಟು. ಕಿಟಕಿಯ ಮೇಲಿನ ಚೌಕಟ್ಟು ದಾಟಿದರೆ ಮುಗಿಯಿತು, ಬಿಸಿಲು ಸೋಫಾದ ಮೇಲೆ. ಪಶ್ಚಿಮಕ್ಕೆ ಅಡ್ಡ ಹಲಗೆಗಿಂತ ನಿಂತ ಹಲಗೆ, ಜಾಲಿ, ಇಲ್ಲವೇ ಆಳವಾದ ಬಾಲ್ಕನಿ ಬೇಕು. ನಾಲ್ಕೂ ದಿಕ್ಕಿಗೆ ಒಂದೇ ಸಜ್ಜಾ ಬರೆಯುವುದು ನಮ್ಮ ಹಳೇ ಚಾಳಿ, ಕಾಪಿ ಪೇಸ್ಟ್ ಸುಲಭ ನೋಡಿ.

ಉತ್ತರದ್ದು ಇನ್ನೂ ಸ್ವಾರಸ್ಯ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಅನ್ನುವುದು ದೆಹಲಿಯವರ ಪಾಠ. ವಾಣಿಜ್ಯ ಕಟ್ಟಡಗಳ ಇಂಧನ ಸಂಹಿತೆಯಾದ 2017ರ ಇಸಿಬಿಸಿ ನಿಯಮದಲ್ಲೂ ಈ ವ್ಯತ್ಯಾಸ ಇದೆ. 15 ಡಿಗ್ರಿ ಅಕ್ಷಾಂಶಕ್ಕಿಂತ ಮೇಲಿರುವ ಊರುಗಳಲ್ಲಿ ಉತ್ತರದ ಗಾಜು 0.50ರಷ್ಟು ಬಿಸಿಲಿನ ಶಾಖ ಒಳಗೆ ಬಿಡಬಹುದು. ಕೆಳಗಿನ ಊರುಗಳಲ್ಲಿ ಉತ್ತರಕ್ಕೂ ಉಳಿದ ದಿಕ್ಕಿನಂತೆ 0.27. ಆ ಗೆರೆ ಹಾಯುವುದು ನಮ್ಮ ರಾಜ್ಯದ ನಡುವೆಯೇ. ಹುಬ್ಬಳ್ಳಿಯ ಆಫೀಸಿಗೆ ಒಂದು ಗಾಜು, ದಾವಣಗೆರೆಯ ಆಫೀಸಿಗೆ ಇನ್ನೊಂದು. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಕ್ಷೆ ತೆಗೆದು ನೋಡುತ್ತಾರೆ.

ಡಿಸೈನ್‌ನ ಶುರುವಿನಲ್ಲಿ, ಇನ್ನೂ ಏನೂ ಗಟ್ಟಿಯಾಗದಿದ್ದಾಗ, ಹನಿಬೀಗೆ ಸಾಟಿ ಇಲ್ಲ. ರೆವಿಟ್ ಮಾಡೆಲ್ ತಯಾರಾಗುವ ಹೊತ್ತಿಗೆ ಕಟ್ಟಡದ ದಿಕ್ಕು, ಕಿಟಕಿಯ ಜಾಗ ಎಲ್ಲಾ ತೀರ್ಮಾನವಾಗಿರುತ್ತದೆ. ಆಮೇಲೆ ಎನರ್ಜಿ ಲೆಕ್ಕ ಮಾಡಿ ಉಪಯೋಗ ಕಡಿಮೆ. ಮಾಡೆಲ್ ಎಷ್ಟು ಪೂರ್ತಿಯಾಗಿದೆಯೋ ಬದಲಿಸುವ ಅವಕಾಶ ಅಷ್ಟು ಕಡಿಮೆ.

ಎಕ್ಸೆಲ್: ಯಾರೂ ಮಾರಲು ಬಾರದ ದಾರಿ

ಫ್ಲಾಟುಗಳಿಗೆ ಬೇರೆಯೇ ನಿಯಮವಿದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ (ಬಿಇಇ) 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ. ಅದು ವರ್ಷದ ಸಿಮ್ಯುಲೇಶನ್ ಕೇಳುವುದಿಲ್ಲ. ಗೋಡೆ, ಕಿಟಕಿಯ ಮೂಲಕ ಒಳಗೆ ಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ದಾಟಬಾರದು ಅನ್ನುತ್ತದೆ. ಇದಕ್ಕೆ ಆರ್‌ಇಟಿವಿ ಅಂತ ಹೆಸರು. ಲೆಕ್ಕ ಮೂರು ತುಂಡು. ಗೋಡೆಯ ವಿಸ್ತೀರ್ಣವನ್ನು ಅದರ ಯು ವ್ಯಾಲ್ಯೂನಿಂದ, ಅಂದರೆ ಅದು ಎಷ್ಟು ಸಲೀಸಾಗಿ ಶಾಖ ದಾಟಿಸುತ್ತದೆ ಅನ್ನುವ ಅಂಕಿಯಿಂದ, ಗುಣಿಸಿ ಒಂದು ಗುಣಕ ಹಾಕಬೇಕು. ಗಾಜಿನ ವಿಸ್ತೀರ್ಣಕ್ಕೂ ಹಾಗೇ. ಮೂರನೆಯದು, ಗಾಜಿನ ವಿಸ್ತೀರ್ಣವನ್ನು ಅದು ಬಿಸಿಲು ಬಿಡುವ ಪ್ರಮಾಣದಿಂದ, ಅಂದರೆ ಸಜ್ಜಾ ಸೇರಿಸಿದ ಎಸ್‌ಎಚ್‌ಜಿಸಿಯಿಂದ ಗುಣಿಸಬೇಕು. ಬೆಂಗಳೂರಿನ ಸಮಶೀತೋಷ್ಣ ವಲಯಕ್ಕೆ ಆ ಗುಣಕಗಳು ಕ್ರಮವಾಗಿ 3.38, 0.37 ಮತ್ತು 63.69. ಮಂಗಳೂರಿನಂಥ ಸೆಕೆಯ ಊರಿಗೆ 5.15, 1.31, 65.21.

ಆ 0.37 ಅನ್ನು ಇನ್ನೊಮ್ಮೆ ನೋಡಿ. ಬೆಂಗಳೂರಿನಲ್ಲಿ ಗಾಜಿನ ಯು ವ್ಯಾಲ್ಯೂಗೆ ಬೆಲೆ ಇಲ್ಲವೇ ಇಲ್ಲ ಅನ್ನುವಷ್ಟು. ಒಳಗೂ ಹೊರಗೂ ತಾಪಮಾನ ಹೆಚ್ಚು ಕಡಿಮೆ ಒಂದೇ, ಹಾಗಿರುವಾಗ ಗಾಜಿನ ಮೂಲಕ ಶಾಖ ಯಾಕೆ ಹರಿಯಬೇಕು? ಬರುವುದೆಲ್ಲ ಬಿಸಿಲು.

ಇಲ್ಲಿ ಬಿಮ್ ನಿಜವಾಗಿ ಉಪಕಾರಿ. ವಿಸ್ತೀರ್ಣಗಳು ರೆವಿಟ್ ಶೆಡ್ಯೂಲ್‌ನಲ್ಲಿ, ಅಂದರೆ ಅಳತೆಯ ಪಟ್ಟಿಯಲ್ಲಿ, ತಾವಾಗಿ ಬರುತ್ತವೆ. ಗೋಡೆ ಯಾವ ದಿಕ್ಕಿಗಿದೆ ಅನ್ನುವುದನ್ನು ರೆವಿಟ್‌ನದೇ ಪ್ರೋಗ್ರಾಮಿಂಗ್ ಸಾಧನ ಡೈನಮೋದಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ತುಂಬಿಸಿದೆ. ಡಿಸೈನ್ ಬದಲಾದಾಗ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಲೆಕ್ಕವೂ ಬದಲಾಗುತ್ತದೆ. ಯಾವ ಚೂರು ಮೇಲ್ಮೈಯ ತಲೆನೋವೂ ಇಲ್ಲ.

ಒಂದು ಜಾಗದಲ್ಲಿ ಮಾತ್ರ ಶೆಡ್ಯೂಲನ್ನು ನಂಬಬಾರದು. ಗಾಳಿಗಾಗಿ ತೆರೆಯುವ ಕಿಟಕಿ ನೆಲದ ವಿಸ್ತೀರ್ಣದ 12.5 ಶೇಕಡಾ ಇರಬೇಕು ಅನ್ನುತ್ತದೆ ಸಂಹಿತೆ, ಮಂಗಳೂರಿಗೆ 16.66. ಶೆಡ್ಯೂಲ್ ಕೊಡುವುದು ಕಿಟಕಿಯ ಪೂರ್ತಿ ಅಳತೆ. ಎರಡು ಟ್ರ್ಯಾಕಿನ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ತೆರೆಯುವುದು ಅರ್ಧ. ಕಿಟಕಿ ಫ್ಯಾಮಿಲಿಯಲ್ಲೇ (ರೆವಿಟ್‌ನ ಕಿಟಕಿ ಮಾದರಿ) ತೆರೆಯುವ ಪಾಲು ಅಂತ ಒಂದು ಪ್ಯಾರಾಮೀಟರ್ ಇಟ್ಟೆ: ಸ್ಲೈಡಿಂಗ್‌ಗೆ 0.5, ಬಾಗಿಲಿನಂತೆ ತೆರೆಯುವುದಕ್ಕೆ 0.9. ನಮ್ಮ ಬೆಡ್‌ರೂಮುಗಳಲ್ಲಿ ಕೆಲವು ಅಲ್ಲೇ ಫೇಲ್.

ಈಗ ಅಂಕಿಗಳನ್ನು ಇಟ್ಟು ನೋಡೋಣ. ನೂರು ಚದರ ಮೀಟರ್ ಹೊರಮೈ, ಅದರಲ್ಲಿ 80 ಗೋಡೆ, 20 ಕಿಟಕಿ. ಯಾವ ದಿಕ್ಕಿಗೆ ಎಷ್ಟು ಬಿಸಿಲು ಅನ್ನುವ ದಿಕ್ಕಿನ ಗುಣಕವನ್ನು ಸುಲಭಕ್ಕೆ 1 ಅಂತ ಇಟ್ಟಿದ್ದೇನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಯು ವ್ಯಾಲ್ಯೂ ಸುಮಾರು 2, ಸಾದಾ ಗಾಜಿನ ಎಸ್‌ಎಚ್‌ಜಿಸಿ 0.8, ಸಜ್ಜಾ ಇಲ್ಲ. ಉತ್ತರ 16.0, ಫೇಲ್. ಸಜ್ಜಾ ಹಾಕಿ ಎಸ್‌ಎಚ್‌ಜಿಸಿ 0.5ಕ್ಕೆ ಇಳಿಸಿದರೆ 12.2. ಸಜ್ಜಾ ಬಿಟ್ಟು ಇಟ್ಟಿಗೆಯ ಬದಲು ಎಂಟಿಂಚಿನ ಎಎಸಿ ಬ್ಲಾಕ್ ಕಟ್ಟಿದರೆ, ಅದರ ಯು ವ್ಯಾಲ್ಯೂ ಸುಮಾರು 0.8, ಆಗ 12.8. ಎರಡೂ ಮಾಡಿದರೆ 9.0. ಡಬಲ್ ಗ್ಲಾಸ್ ಹಾಕಿ ಯು ವ್ಯಾಲ್ಯೂ ಅರ್ಧ ಮಾಡಿದರೆ ಆ ಒಂದು ಗುಣದಿಂದ ಇಳಿಯುವುದು 0.2. ಇದನ್ನು ಸೇಲ್ಸ್‌ನವರ ಎದುರಿಗೆ ಹೇಳಿದರೆ ಮುಖ ಸಣ್ಣದಾಗುತ್ತದೆ. ಸದ್ದು ತಡೆಯಲು ಬೇಕಾದರೆ ಹಾಕಿಸಿ, ಬೇಡ ಅನ್ನುವುದಿಲ್ಲ.

ತಾರಸಿಯ ಲೆಕ್ಕ ಬೇರೆ. ಅದರ ಯು ವ್ಯಾಲ್ಯೂ 1.2 ಮೀರಬಾರದು. ಬೋಳು ಕಾಂಕ್ರೀಟ್ ಸ್ಲ್ಯಾಬ್ ಅದರ ಹತ್ತಿರಕ್ಕೂ ಬರುವುದಿಲ್ಲ. ಶಾಖ ತಡೆಯುವ ಫೋಮ್ ಆದ ಎಕ್ಸ್‌ಪಿಎಸ್ ಹಾಳೆ ಒಂದಿಂಚು ಹಾಸಿದರೆ ಬರುತ್ತದೆ. ಮೇಲಿನ ಮಹಡಿಯ ಫ್ಲಾಟ್ ಯಾಕೆ ಅಗ್ಗ ಅಂತ ಕೇಳುವವರಿಗೆ ಉತ್ತರವೂ ಇದೇ.

ನಮ್ಮ ಕಟ್ಟಡಕ್ಕೆ ನಿಜವಾದ ಪ್ರಶ್ನೆ ಎದ್ದದ್ದು ಬಿಲ್ಡರ್ ಅಲ್ಯೂಮಿನಿಯಂ ಫಾರ್ಮ್‌ವರ್ಕ್, ಅದೇ ಎಲ್ಲರೂ ಮಿವಾನ್ ಅನ್ನುವುದು, ಅದರಲ್ಲಿ ಕಟ್ಟೋಣ ಅಂದಾಗ. ಬೇಗ ಆಗುತ್ತದೆ, ಪ್ಲಾಸ್ಟರ್ ಉಳಿಯುತ್ತದೆ, ಅವರ ಮಾತೂ ಸರಿಯೇ. ಆದರೆ ಗೋಡೆಯೆಲ್ಲ ಆರಿಂಚು ಕಾಂಕ್ರೀಟ್, ಯು ವ್ಯಾಲ್ಯೂ 3.8ರ ಹತ್ತಿರ. ಅದೇ ಶೀಟಿನಲ್ಲಿ ಇಟ್ಟರೆ 20.9. ಸಜ್ಜಾ ಹಾಕಿದರೂ 17.1, ಆಗಲೂ ಫೇಲ್. ಇಟ್ಟಿಗೆ ಗೋಡೆಯನ್ನು ಪಾಸು ಮಾಡಿಸಿದ ಸಜ್ಜಾ ಇದನ್ನು ಪಾಸು ಮಾಡಿಸಲಿಲ್ಲ.

ಈ ಅಂಕಿ ನೋಡಲು ಸಿಮ್ಯುಲೇಶನ್ ಬೇಕಾಗಲಿಲ್ಲ. ಮೀಟಿಂಗಿನಲ್ಲೇ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ, ಬಿಲ್ಡರ್ ತಾವೇ ಸೆಲ್‌ನಲ್ಲಿ ಅಂಕಿ ಬದಲಿಸಿ ನೋಡಿದರು. ಭಾರ ಹೊರುವ ಗೋಡೆಗಳು ಕಾಂಕ್ರೀಟಿನಲ್ಲೇ ಇರಲಿ, ಉಳಿದ ಅರ್ಧವನ್ನು ಎಎಸಿ ಬ್ಲಾಕಿನಲ್ಲಿ ಕಟ್ಟಿ ಸಜ್ಜಾ ಇಟ್ಟರೆ 13.0. ಅಲ್ಲಿಗೆ ಎನರ್ಜಿ ಮಾತು ಮುಗಿಯಿತು. ಕಾಂಕ್ರೀಟೂ ಬ್ಲಾಕೂ ಸೇರುವಲ್ಲಿ ಬಿರುಕು ಬಿಟ್ಟರೆ ಯಾರು ಹೊಣೆ ಅಂತ ಶುರುವಾಯಿತು. ಸಂದಿಗೆ ಚಿಕನ್ ಮೆಶ್ (ತಂತಿಯ ಬಲೆ) ಹೊಡೆದು ಪ್ಲಾಸ್ಟರ್ ಮಾಡುವುದು ಅಂತ ತೀರ್ಮಾನ ಆಗಿದೆ, ಪಶ್ಚಿಮದ ಗೋಡೆಯಿಂದ ಕೆಲಸ ಶುರು.